ಎಣ್ಣೆ ಕಲೆಯ ಪುಸ್ತಕಗಳು

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಗೆ ಎಲ್ಲ ಕೆಟ್ಟದ್ದು ಅದರಿಂದಲೇ. ಲಗ್ಗೆರೆ ಸೇತುವೆಯ ಪಕ್ಕ ಇಳಿದು ಎರಡನೇ ಅಡ್ಡರಸ್ತೆಗೆ ಬಂದರೆ ನನ್ನದೊಂದು ಹಳೇ ಪೇಪರ್ ಅಂಗಡಿ ಇದೆ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲವೂ ಇಲ್ಲೇ ಇತ್ತು. ಹೊಲ ಹೋಗಿ ಸೈಟಾಯಿತು, ಸೈಟುಗಳನ್ನು ಅಣ್ಣಂದಿರು ಮಾರಿ ತಿಂದರು, ಉಳಿದ ಒಂದು ಮಳಿಗೆಯಲ್ಲಿ ತಕ್ಕಡಿ ಇಟ್ಟುಕೊಂಡು ನಾನು, ದೇವರಾಜ, ಕೂತು ಮೂವತ್ತು ವರ್ಷವಾಯಿತು. ಪೀಣ್ಯದ ಫ್ಯಾಕ್ಟರಿಗಳ ರಟ್ಟು, ಮಕ್ಕಳ ಹಳೇ ನೋಟ್ಸು, ಮನೆ ಖಾಲಿ ಮಾಡುವವರು ಎಸೆದು ಹೋದ ಪುಸ್ತಕ, ಎಲ್ಲ ನನ್ನ ಹತ್ತಿರ ಬರುತ್ತವೆ. ತೂಕಕ್ಕೆ ಬಂದ ಪುಸ್ತಕವನ್ನು ಒಂದು ಸಲ ತಿರುವಿ ನೋಡದೆ ಮಾರಿದವನಲ್ಲ ಎಂಬ ಜಂಬವೂ ನನಗಿತ್ತು. ಪುಸ್ತಕ ಆರಿಸುವುದು ಹೇಗೆಂದು ನನಗೆ ಕಲಿಸಿದವಳು ಮಾತ್ರ ಒಂದಕ್ಷರ ಬಾರದ ಹೊಳೆವ್ವ.

ಕೊಪ್ಪಳದ ಕಡೆಯವಳು. ಪೀಣ್ಯದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಈರುಳ್ಳಿ ಹೆಚ್ಚುವ ಕೆಲಸ ಮಾಡುತ್ತಿದ್ದಳು. ಗಂಡ ಭರಮಪ್ಪ ಗಾರೆ ಕೆಲಸಕ್ಕೆಂದು ಗೋವಾಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿಕೊಂಡಿದ್ದ. ಅವನ ಹೆಸರಿನ ಕುಂಕುಮ ಮಾತ್ರ ಇವಳ ಹಣೆಯ ಮೇಲೆ ಕಾಸಿನಗಲ ಇರುತ್ತಿತ್ತು. ಶೈಲಾ ಎಂಬ ಒಬ್ಬಳೇ ಮಗಳನ್ನು ಕಟ್ಟಿಕೊಂಡು ನನ್ನ ಅಂಗಡಿಯ ಹಿಂದಿನ ಬೀದಿಯ ವಠಾರದಲ್ಲಿ ಒಂದು ರೂಮು ಹಿಡಿದಿದ್ದಳು.

ಮೊದಲ ಸಲ ಬಂದದ್ದು ಒಂದು ಭಾನುವಾರ ಬೆಳಿಗ್ಗೆ.

“ಅಣ್ಣಾರ, ಅಡಗಿ ಪುಸ್ತಕ ಅದಾವೇನ್ರಿ?”

ಅದೃಷ್ಟಕ್ಕೆ ಆ ವಾರವೇ ಯಾವುದೋ ಅಪಾರ್ಟ್‌ಮೆಂಟಿನಿಂದ ಒಂದು ದಪ್ಪ ಪುಸ್ತಕ ಬಂದಿತ್ತು. ಮಿರಮಿರ ಮಿಂಚುವ ಕಾಗದ, ಪುಟಪುಟಕ್ಕೂ ಬಣ್ಣದ ಚಿತ್ರ. “ತಗೋಮ್ಮ. ಹೊಸಾದ್ ಇದ್ದಂಗಿದೆ, ಒಂದು ಹಾಳೆ ಮಡಚಿಲ್ಲ” ಎಂದು ಕೊಟ್ಟೆ.

ಅವಳು ಅದನ್ನು ಅಲ್ಲಲ್ಲಿ ತೆರೆದಳು. ಹೆಬ್ಬೆರಳಿನಿಂದ ಪುಟ ಉಜ್ಜಿದಳು. ಮೂಗಿನ ಹತ್ತಿರ ಹಿಡಿದು ಮೂಸಿದಳು. ಆಮೇಲೆ ಮುಚ್ಚಿ ನನ್ನ ಕೈಗೇ ಕೊಟ್ಟಳು.

“ಬ್ಯಾಡ್ರಿ. ಇದರಾಗ ಯಾರೂ ಅಡಗಿ ಮಾಡಿಲ್ಲ.”

“ಏನಮ್ಮಾ ಹಂಗಂದ್ರೆ?”

“ನೀವ ನೋಡ್ರಿ. ಒಂದ ಎಣ್ಣಿ ಕಲಿ ಇಲ್ಲ, ಅರಿಷಿಣ ಹತ್ತಿದ ಬೊಟ್ಟಿನ ಗುರ್ತ ಇಲ್ಲ. ಅಡಗಿ ಚಲೋ ಆಗಿದ್ರ ಪುಸ್ತಕ ಇಷ್ಟ ಸ್ವಚ್ಛ ಉಳೀತಿತ್ತೇನ್ರಿ?”

ನನಗೆ ನಗು ಬಂತು. ನಕ್ಕೆ, ಆಮೇಲೆ ಆ ಪುಸ್ತಕವನ್ನು ನಾನೂ ತಿರುವಿ ನೋಡಿದೆ. ಮೂವತ್ತು ವರ್ಷದಲ್ಲಿ ಆ ಯೋಚನೆ ನನಗೆ ಬಂದಿರಲಿಲ್ಲವಲ್ಲ! ಅವಳು ರಾಶಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಅರ್ಧ ಗಂಟೆ ಹುಡುಕಿ, ರಟ್ಟು ಕಿತ್ತುಹೋದ, ಅಂಚೆಲ್ಲ ಜಿಡ್ಡುಗಟ್ಟಿದ ಒಂದು ಪುಸ್ತಕ ಎಳೆದಳು. ನಾನಾದರೆ ಅದನ್ನು ನೇರವಾಗಿ ಬೋಂಡಾ ಅಂಗಡಿಗೆ ಹಾಕುತ್ತಿದ್ದೆ.

“ಅದರಲ್ಲಿ ಏನೇನಿದೆ ಅಂತ ಓದಿ ನೋಡಿದ್ಯಾ?”

“ನನಗ ಓದಾಕ ಬರಂಗಿಲ್ರಿ. ಅಕ್ಷರ ಅಂದ್ರ ನನಗ ಇರಿವಿ ಸಾಲ ಇದ್ದಂಗ. ಓದಾಕ ನನ್ನ ಮಗಳ ಅದಾಳ” ಎಂದಳು. ಮಗಳು ಎನ್ನುವಾಗ ಅವಳ ಮುಖ ಅರಳಿದ್ದು ನೋಡಬೇಕಾಗಿತ್ತು.

ಅಂದಿನಿಂದ ತಿಂಗಳ ಮೊದಲ ಭಾನುವಾರ ತಪ್ಪದೆ ಬಂದಳು. ರೂಮಿನಲ್ಲಿ ಗ್ಯಾಸ್ ಒಲೆಯ ಮೇಲ್ಗಡೆ ಒಂದು ಹಲಗೆ ಹೊಡೆದಿದ್ದರಂತೆ, ಫ್ಯಾಕ್ಟರಿಗೆ ಮಷಿನ್ನು ಬಂದ ಪೆಟ್ಟಿಗೆಯದ್ದು. ಅದರ ಮೇಲೆ ಉಪ್ಪು ಖಾರದ ಡಬ್ಬಿಗಳು ಹೋಗಿ ಹನ್ನೊಂದು ಪುಸ್ತಕಕ್ಕೆ ಜಾಗ. ಹಲಗೆ ತುಂಬಿದ ಮೇಲೆ ಮಗಳು ಒಂದು ಕಾನೂನು ಮಾಡಿದಳು: ಹೊಸದೊಂದು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಬೇಕು. ಹಾಗಾಗಿ ಹೊಳೆವ್ವ ಬರುವಾಗ ಒಂದು ಪುಸ್ತಕ ಕೈಯಲ್ಲಿ ಹಿಡಿದೇ ಬರುತ್ತಿದ್ದಳು. ರಾಶಿಯಲ್ಲಿ ಸಿಕ್ಕಿದ್ದು ಇದಕ್ಕಿಂತ ಚೆನ್ನಾಗಿದೆಯೋ ಇಲ್ಲವೋ ಎಂದು ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ತೂಗುತ್ತಿದ್ದಳು. ಹೆಣ್ಣು ನೋಡಲು ಬಂದವರೂ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ.

ಅವಳ ಪರೀಕ್ಷೆಗಳನ್ನು ನೋಡುತ್ತಾ ನೋಡುತ್ತಾ ನನಗೂ ಅದು ಹತ್ತಿತು. ಕಲೆ ಇದ್ದರಷ್ಟೇ ಸಾಲದು. ಎಲ್ಲ ಪುಟದಲ್ಲೂ ಕಲೆ ಇದ್ದರೆ “ಇದ ಕೈ ಹೊಲಸ ಇದ್ದಾಕಿದು” ಎಂದು ಬದಿಗೆ ಹಾಕುತ್ತಿದ್ದಳು. ಇರುವೆ ಕೊರೆದ ಪುಟ ಸಿಕ್ಕರೆ ಅದು ಸಿಹಿತಿಂಡಿ, ಹಬ್ಬಕ್ಕೆ ಮಾತ್ರ, ಬೇಡ. ಒಂದರಲ್ಲಿ ಅಂಚು ಸುಟ್ಟಿತ್ತು. “ಓದಕೋಂತ ನಿಂತ ಹಾಲ ಉಕ್ಕಿಸ್ಯಾಳ ನೋಡ್ರಿ ಪುಣ್ಯಾತಗಿತ್ತಿ” ಎಂದು ನಕ್ಕಳು. ಒಂದೇ ಪುಟದ ಮೇಲೆ ಎಣ್ಣೆ, ಅರಿಶಿನ, ಹುಳಿ ಮೂರೂ ಬಿದ್ದಿರಬೇಕು. ಆ ಪುಟ ತಾನಾಗಿ ತೆರೆದುಕೊಳ್ಳಬೇಕು. ಹಾಗಿದ್ದರೆ ಆ ಅಡುಗೆಯನ್ನು ಆ ಮನೆಯಲ್ಲಿ ಮತ್ತೆ ಮತ್ತೆ ಕೇಳಿ ಮಾಡಿಸಿಕೊಂಡಿದ್ದಾರೆ ಎಂದು ಲೆಕ್ಕ. ಇಂಗ್ಲಿಷಿನ ಎಬಿಸಿಡಿಗಳ ಗುರುತು ಅವಳಿಗೆ ಬಸ್ಸು, ಬೋರ್ಡು ನೋಡಿ ನೋಡಿ ಸಿಗುತ್ತಿತ್ತು, ಅವನ್ನು ಮುಟ್ಟುತ್ತಿರಲಿಲ್ಲ. ಉಳಿದ ಅಕ್ಷರವೆಲ್ಲ ಅವಳ ಪಾಲಿಗೆ ಕನ್ನಡವೇ.

ಸಂಜೆ ಅವಳು ರೊಟ್ಟಿ ಬಡಿಯುವಾಗ ಮಗಳು ಪಕ್ಕದಲ್ಲಿ ಕೂತು ಓದುವುದು, ತಾಯಿ ಕೇಳುವುದು. ಕೇಳಿದ್ದನ್ನು ಮನೆಯಲ್ಲಿ ಮಾಡುವುದು. ಚೆನ್ನಾಗಿ ಬಂದರೆ ಕ್ಯಾಂಟೀನಿನಲ್ಲಿ ಹೇಳಿ ನೋಡುವುದು. ಹೀಗೇ ಎರಡು ವರ್ಷದಲ್ಲಿ ಈರುಳ್ಳಿ ಹೆಚ್ಚುವ ಹೊಳೆವ್ವ ಒಲೆಯ ಮುಂದೆ ಬಂದು ನಿಂತಳು, ಹೆಡ್ ಕುಕ್ ಮುರಿಗೆಪ್ಪ ರಜೆ ಹಾಕಿದ ದಿನ ಇನ್ನೂರು ಜನಕ್ಕೆ ಅವಳದೇ ಸಾರು. ನನಗೆ ಬಂದು ಹೇಳಿದಾಗ “ಭೇಷ್” ಎಂದೆ. ನಿಜವಾಗಿ ಖುಷಿಯಾಗಿತ್ತು.

ಒಂದು ಭಾನುವಾರ ಅವಳು ಎಳೆದ ಪುಸ್ತಕ ತಮಿಳಿನದ್ದು.

ನಾನು ನೋಡಿದೆ. ಇಂಗಿನ ವಾಸನೆ ಹೊಡೆಯುತ್ತಿತ್ತು, ನಡುವಿನ ಒಂದು ಪುಟದಲ್ಲಿ ಎಣ್ಣೆ ಅಂಗೈಯಗಲ ಹರಡಿತ್ತು. ಅವಳು ಅದನ್ನು ಎದೆಗೊತ್ತಿಕೊಂಡು ಎದ್ದಳು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ರಟ್ಟಿನ ಟೆಂಪೋದವನು ನನ್ನ ಬೋರ್ಡಿಗೇ ಗಾಡಿ ತಾಗಿಸಿದ, ನಾನು ಅವನ ಮೇಲೆ ಹಾರಾಡಲು ಹೋದೆ, ಜಗಳ ಮುಗಿಸಿ ತಿರುಗಿದಾಗ ಅವಳಿರಲಿಲ್ಲ. ಮಗಳು ನೋಡಿ ವಾಪಸು ಕಳಿಸುತ್ತಾಳೆ, ಬಿಡು, ಎಂದುಕೊಂಡೆ.

ವಾಪಸು ಬರಲಿಲ್ಲ. ಮುಂದಿನ ತಿಂಗಳು ತಾಯಿ ಮಗಳು ಇಬ್ಬರೂ ಬಂದರು. ಹೊಳೆವ್ವ ದೂರದಿಂದಲೇ ಶುರು ಮಾಡಿದಳು.

“ಅಣ್ಣಾರ, ಎಂಥಾ ಪುಸ್ತಕ ಸಿಕ್ಕಿತ್ರಿ! ಪ್ಯಾರಲಕಾಯಿ ಎಣ್ಣಿಗಾಯಿ ಐತ್ರಿ ಅದರಾಗ. ನಮ್ಮ ಕಡೆ ಬದನಿಕಾಯಿಗೆ ತುಂಬತೀವಿ, ಪ್ಯಾರಲಕಾಯಿಗೆ ತುಂಬೂದ ನಾ ಎಲ್ಲೂ ಕೇಳಿಲ್ಲ. ಶೈಲಾ ಓದಿ ಹೇಳಿದ್ಲು, ಮಾಡಿದ್ನಿ. ಆಕೀ ಒಬ್ಬಾಕೀನ ಆರ ಕಾಯಿ ತಿಂದ್ಲು!”

ಪೇರಲಕಾಯಿ ಎಂದರೆ ನಮ್ಮ ಸೀಬೆಕಾಯಿ. ತಮಿಳಿನವರು ಸೀಬೆಕಾಯಿಗೆ ಗುರೆಳ್ಳು, ಶೇಂಗಾ ತುಂಬುತ್ತಾರೆಯೇ? ನಾನು ಹುಡುಗಿಯ ಮುಖ ನೋಡಿದೆ. ಹದಿನೇಳು ವರ್ಷ, ಎರಡು ಜಡೆ, ಭಾನುವಾರವೂ ಪಿಯು ಕಾಲೇಜಿನ ಯೂನಿಫಾರಂ ಚೂಡಿದಾರವೇ. ತಾಯಿಯ ಬೆನ್ನ ಹಿಂದೆ ನಿಂತು ಬೇಡ ಬೇಡ ಎಂದು ತಲೆಯಾಡಿಸಿದಳು. ನಾನು “ಭೇಷ್” ಎಂದು ಹೊಸ ರಾಶಿಯನ್ನು ಹೊಳೆವ್ವನ ಮುಂದೆ ತಳ್ಳಿದೆ.

ಎರಡು ದಿನ ಬಿಟ್ಟು ಕಾಲೇಜಿನಿಂದ ಬರುವಾಗ ಅವಳೊಬ್ಬಳೇ ಅಂಗಡಿಗೆ ಬಂದಳು. ನಾನು ಸರಿಯಾಗಿ ಜಾಡಿಸಿದೆ.

“ಏನಮ್ಮಾ, ಹೆತ್ತ ತಾಯಿಗೇ ಟೋಪಿ ಹಾಕ್ತೀಯಾ? ನಿಂಗೆ ತಮಿಳು ಬರುತ್ತಾ?”

“ಇಲ್ಲ ಅಂಕಲ್. ಒಂದಕ್ಷರ ಬರಲ್ಲ.”

“ಮತ್ತೆ ಏನ್ ಓದ್ದೆ?”

“ಪುಸ್ತಕ ಹಿಡ್ಕೊಂಡು ಕೂತೆ. ಬಾಗಿಲಲ್ಲಿ ಓನರ್ ಮನೆ ಸೀಬೆ ಮರ ಕಾಣಿಸ್ತು. ಅದನ್ನೇ ಓದ್ಬಿಟ್ಟೆ” ಎಂದು ಕಿಸಕ್ಕನೆ ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ಇದೊಂದೇ ಅಲ್ಲ ಅಂಕಲ್. ತೆಲುಗಿಂದೂ ಇದೆ, ಮಲಯಾಳಮ್ಮೂ ಇದೆ. ಹಲಗೆ ಮೇಲೆ ಅರ್ಧಕ್ಕಿಂತ ಜಾಸ್ತಿ ಅವೇ. ಅವ್ವಂಗೆ ಹೇಳ್ಬೇಡಿ, ಪ್ಲೀಸ್.”

ಅಯ್ಯೋ ಶಿವನೇ! ತಿರುವಿ ನೋಡದೆ ಮಾರುವವನಲ್ಲ ಎಂಬ ನನ್ನ ಜಂಬ ಅಲ್ಲೇ ಮಣ್ಣು ಮುಕ್ಕಿತು. “ಯಾಕೆ ಹೇಳ್ಬಾರ್ದು? ಹೇಳಿದ್ರೆ ಮುಂದಿನ ಸಲ ಕನ್ನಡದ್ದೇ ತಗೋತಾಳೆ. ನಾನೇ ಆರಿಸ್ಕೊಡ್ತೀನಿ.”

“ಅದೇ ಬೇಡ ಅಂಕಲ್. ಕ್ಯಾಂಟೀನಲ್ಲಿ ಎಲ್ರೂ ಅವ್ವಂಗೆ ‘ನಿಂಗೇನ್ ಗೊತ್ತಾಗುತ್ತೆ, ಸುಮ್ನಿರು’ ಅಂತಾರೆ. ಬ್ಯಾಂಕಲ್ಲಿ ಹಂಗೇ ಅಂತಾರೆ, ನಮ್ಮ ಕಾಲೇಜಲ್ಲೂ ಹಂಗೇ ಅಂದ್ರು. ಕಲೆ ನೋಡಿ ಪುಸ್ತಕ ಆರಿಸೋದು ಒಂದು ಅವ್ವ ತಾನೇ ಕಂಡುಕೊಂಡಿದ್ದು. ಅದೂ ತಪ್ಪು ಅಂದ್ರೆ ಅವ್ವ ಇನ್ನೇನೂ ಆರಿಸಲ್ಲ. ಅವ್ವ ತಂದಿದ್ದು ಯಾವತ್ತೂ ಸುಳ್ಳಾಗಬಾರ್ದು, ಅಷ್ಟೆ.”

ನನ್ನ ಕೋಪ ಎಲ್ಲಿ ಹೋಯಿತೋ. ಇಷ್ಟುದ್ದದ ಹುಡುಗಿ, ಎಂಥ ಮಾತು! ಉಪ್ಪಿಗಿಂತ ರುಚಿಯಿಲ್ಲ ತಾಯಿಗಿಂತ ಬಂಧುವಿಲ್ಲ ಎಂದು ಗೋಡೆ ಮೇಲೆ ಬರೆಸುತ್ತೇವೆ. ಆ ತಾಯಿಗೂ ಒಬ್ಬ ಬಂಧು ಬೇಕು ಎಂದು ಯಾರು ಬರೆಸಿದ್ದಾರೆ?

“ಆಯ್ತು ಹೇಳಲ್ಲ. ಆದ್ರೆ ಸಿಕ್ಕಿಬಿದ್ದೀಯ, ಹುಷಾರು.”

“ನಾನು ಸಿಕ್ಕಿಬೀಳಲ್ಲ. ಸಿಕ್ಕಿಬಿದ್ರೆ ನೀವೇ ಹೇಳಿದ್ದು ಅಂತ ಗೊತ್ತಾಗುತ್ತೆ” ಎಂದಳು. ಹೋಗುವಾಗ ಮತ್ತೆ ತಿರುಗಿ, “ಅಂಕಲ್, ಆ ಎಣ್ಣೆಗಾಯಿಗೆ ಕೊನೇಲಿ ನಾನೇ ಒಂದು ಹಾಕ್ತೀನಿ. ಅವ್ವ ಆ ಕಡೆ ತಿರುಗಿದಾಗ. ಏನು ಅಂತ ಕೇಳಿದ್ರೆ, ಪುಸ್ತಕದಾಗ ಐತಿ, ನೀ ಯಾಕ ನೆನಪ ಇಟ್ಗೋತಿ ಅಂತೀನಿ. ಅದು ಅವ್ವಂಗೂ ಹೇಳಲ್ಲ, ನಿಮಗೂ ಹೇಳಲ್ಲ” ಎಂದು ಕೆನ್ನೆ ಊದಿಸಿ ತೋರಿಸಿ ಓಡಿದಳು.

ಕೇಳಬೇಕಾಗಿತ್ತು. ಬಲವಂತ ಮಾಡಿ ಕೇಳಿದ್ದರೆ ಹೇಳುತ್ತಿದ್ದಳೇನೋ. ಮಕ್ಕಳಾಟ ಎಂದು ಬಿಟ್ಟೆ.

ಆ ವರ್ಷ ದೀಪಾವಳಿಗೆ ಇನ್ನೂ ಎರಡು ವಾರ ಇತ್ತು. ಮಳೆ ನಿಂತು ಮೋರಿಗಳಲ್ಲಿ ನೀರು ಕೊಳೆತು, ಲಗ್ಗೆರೆಯಲ್ಲಿ ಮನೆಗೊಬ್ಬರು ಜ್ವರ ಬಂದು ಮಲಗಿದ್ದರು. ಶೈಲಾಳಿಗೂ ಬಂತು. ಡೆಂಗ್ಯೂ ಎಂದರು. ಐದೇ ದಿನ. ಆರನೇ ದಿನ ವಠಾರದ ಮುಂದೆ ಜನ ನಿಂತಿದ್ದಾರೆಂದು ಟೆಂಪೋದವನು ಬಂದು ಹೇಳಿದ. ನಾನು ಹೋಗಲಿಲ್ಲ. ಹೋಗಿ ಆ ತಾಯಿಗೆ ಏನು ಹೇಳಲಿ, ಯಾವ ಬಾಯಲ್ಲಿ ಸಮಾಧಾನ ಮಾಡಲಿ ಎಂದು ತಕ್ಕಡಿಯ ಹಿಂದೆ ಕೂತುಬಿಟ್ಟೆ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೊಳೆವ್ವ ಅಂಗಡಿಗೆ ಬರುವುದು ನಿಂತುಹೋಯಿತು. ಅಡುಗೆ ಪುಸ್ತಕ ಬಂದಾಗೆಲ್ಲ ನಾನು ಪುಟ ಉಜ್ಜಿ ನೋಡಿ, ಕಲೆ ಇದ್ದರೆ ಒಂದು ಕಡೆ ತೆಗೆದಿಡುತ್ತಿದ್ದೆ. ಯಾರಿಗೆಂದು ತೆಗೆದಿಡುತ್ತಿದ್ದೆನೋ ನನಗೇ ಗೊತ್ತಿಲ್ಲ.

ವರ್ಷ ತುಂಬಲು ಒಂದು ವಾರ ಇದೆ ಎನ್ನುವಾಗ ಬಂದಳು. ಇಳಿದುಹೋಗಿದ್ದಳು. ಹಣೆಯ ಕುಂಕುಮ ಸಾಸಿವೆಯಷ್ಟಾಗಿತ್ತು. ಪ್ಲಾಸ್ಟಿಕ್ ಕವರಿನಿಂದ ಆ ತಮಿಳು ಪುಸ್ತಕ ತೆಗೆದು, ತಾನಾಗಿ ತೆರೆದುಕೊಂಡ ಎಣ್ಣೆ ಪುಟವನ್ನು ನನ್ನ ಮುಂದೆ ಇಟ್ಟಳು.

“ಅಣ್ಣಾರ, ಬರೂ ಸೋಮವಾರ ಶೈಲಾಂದ ವರ್ಷದ ಎಡಿ. ಆಕೀಗೆ ಪ್ಯಾರಲಕಾಯಿ ಎಣ್ಣಿಗಾಯಿ ಇಡಬೇಕ್ರಿ. ಹೋಳಗಿ ಅಂದ್ರ ಆಕೀಗೆ ಸೇರ್ತಿರಲಿಲ್ಲ, ಇದೊಂದ ಜೀವ. ಗುರೆಳ್ಳ, ಶೇಂಗಾ, ಬೆಲ್ಲ, ಹುಣಸಿ, ಬಳ್ಳೊಳ್ಳಿ, ಎಲ್ಲಾ ನನಗ ಗೊತ್ತೈತಿ. ಕಡೀಕ ಆಕೀನ ಒಂದ ಹಾಕತಿದ್ಲು. ಕೇಳಿದ್ರ ಪುಸ್ತಕದಾಗ ಐತಿ ಅಂತಿದ್ಲು. ಅದೇನ ಅಂತ ಇಷ್ಟ ಓದಿ ಹೇಳ್ರಿ. ಅದಿಲ್ದ ಇಟ್ರ ಹುಡುಗಿ ಉಣ್ಣಂಗಿಲ್ರಿ.”

ಸಾಯುವ ಮೊದಲು ಆ ಹುಡುಗಿ ನನ್ನಿಂದ ಪಡೆದದ್ದು ಒಂದೇ ಮಾತು. ಅದನ್ನು ಮುರಿಯುವುದು ಹೇಗೆ? ಕನ್ನಡಕ ಹಾಕಿಕೊಂಡು ಬಾರದ ಅಕ್ಷರಗಳ ಮೇಲೆ ಬೆರಳಾಡಿಸಿದೆ. ಶೈಲಾ ಮಾಡಿದ್ದನ್ನೇ ನಾನೂ ಮಾಡಿದರಾಯಿತು ಎಂದುಕೊಂಡೆ. ಅವಳು ಮಾಡಿದ್ದರಲ್ಲಿ ಪ್ರೀತಿ ಇತ್ತು, ಬುದ್ಧಿಯೂ ಇತ್ತು. ನನ್ನಲ್ಲಿ ಗಾಬರಿಯೊಂದೇ ಇತ್ತು.

“ಹ್ಞಾ, ಇಲ್ಲಿದೆ ನೋಡು. ಸೋಂಪು. ಒಂದು ಚಮಚ.”

“ಸೋಂಪ್ ಏನ್ರಿ?” ಎಂದು ಎರಡು ಸಲ ಹೇಳಿಕೊಂಡು ಕೈಮುಗಿದು ಹೋದಳು.

ಮಾರನೇ ದಿನ ಮತ್ತೆ ಬಂದಳು. “ಮಾಡಿ ನೋಡಿದ್ನಿ ಅಣ್ಣಾರ. ಆಕೀ ಮಾಡಿದಂಗ ಬರಲಿಲ್ಲ. ಇನ್ನೊಂದ ಸಲ ಓದ್ರಿ.”

ಓದಿದೆ. ಕಣ್ಣು ತಪ್ಪಿ ಹಿಂದಿನ ಸಾಲು ಓದಿದ್ದೆ, ಅದು ಚಕ್ಕೆ, ಸಣ್ಣ ಚೂರು, ಎಂದೆ. ಅವಳು ಅದನ್ನೂ ನಂಬಿ ಹೋದಳು. ಮೂರನೇ ದಿನ ಬಂದಾಗ ಓಮಿನ ಕಾಳು ಎಂದೆ. ನಾಲ್ಕನೇ ದಿನ, ಗುರುವಾರ, ಬಂದವಳು ಏನೂ ಕೇಳದೆ ಸ್ಟೂಲಿನ ಮೇಲೆ ಕೂತುಬಿಟ್ಟಳು. ಕೈಯೆಲ್ಲ ಸೀಬೆಕಾಯಿ ಕೊಯ್ದ ಕಪ್ಪು. ಎರಡೂ ಅಂಗೈ ಬಿಡಿಸಿ ನೋಡಿಕೊಂಡಳು.

“ಪುಸ್ತಕದಾಗ ಏನೂ ತಪ್ಪ ಇಲ್ರಿ. ನೀವ ಓದೂದ್ರಾಗೂ ತಪ್ಪಿಲ್ಲ. ನನ್ನ ಕೈನ ಸತ್ತೈತಿ. ಆಕೀ ಹೋದ ಮ್ಯಾಲೆ ನನ್ನ ಕೈಯಾಗ ರುಚಿನ ಇಲ್ಲ. ಮುರಿಗೆಪ್ಪ ನನ್ನ ಮತ್ತ ಉಳ್ಳಾಗಡ್ಡಿ ಹೆಚ್ಚಾಕ ಹಚ್ಯಾನ್ರಿ. ಅಂವಂದ ಏನ ತಪ್ಪ? ಮಗಳಿಗೆ ಒಂದ ಎಡಿ ಮಾಡಾಕ ಬರವೊಲ್ದು, ಊರಿಗೇನ ಅಡಗಿ ಮಾಡ್ತೀನಿ ನಾ?”

ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ನನ್ನ ಸುಳ್ಳಿಗೆ ಅವಳ ಕೈ ಬೈಸಿಕೊಳ್ಳುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಯಾರ ಮೇಲೆ ಕೋಪ ಬಂತೋ, ನನ್ನ ಮೇಲೋ, ಆ ಹುಡುಗಿಯನ್ನು ಕರೆದುಕೊಂಡು ಹೋದ ದೇವರ ಮೇಲೋ, ಪುಸ್ತಕ ಕಿತ್ತುಕೊಂಡು ತಕ್ಕಡಿಯ ಮೇಲೆ ಎಸೆದು ಕಿರುಚಿಬಿಟ್ಟೆ.

“ನಿನ್ ಕೈ ಸತ್ತಿಲ್ಲ ಕಣಮ್ಮಾ! ಇದು ತಮಿಳು! ನಂಗೂ ಓದಕ್ಕೆ ಬರಲ್ಲ, ನಿನ್ ಮಗಳಿಗೂ ಬರ್ತಿರ್ಲಿಲ್ಲ. ಇದರಲ್ಲಿ ಸೀಬೆಕಾಯೂ ಇಲ್ಲ, ಸುಡುಗಾಡೂ ಇಲ್ಲ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಹೊಳೆವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

“ಹಂಗಾರ ಶೈಲಾ ನನಗ ಸುಳ್ಳ ಓದತಿದ್ಲೇನ್ರಿ?”

ಹೂಂ ಎಂದೆ.

ಅವಳು ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಪುಸ್ತಕ ತಕ್ಕಡಿಯ ಮೇಲೇ ಇತ್ತು. ಆ ದಿನ ನಾನು ಅಂಗಡಿಯ ಷಟರ್ ಅರ್ಧಕ್ಕೆ ಎಳೆದುಕೊಂಡು ಒಳಗೆ ಕೂತು ಮಗುವಿನ ಹಾಗೆ ಅತ್ತೆ. ಅರವತ್ತು ವರ್ಷದವನಿಗೆ ಬಾಯಿ ಬಿಗಿಹಿಡಿಯುವುದು ಬರಲಿಲ್ಲ, ಹದಿನೇಳರ ಹುಡುಗಿಗೆ ಬಂದಿತ್ತು. ಸಿಕ್ಕಿಬಿದ್ದರೆ ನೀವೇ ಹೇಳಿದ್ದು ಎಂದು ಗೊತ್ತಾಗುತ್ತದೆ ಎಂದಿದ್ದಳಲ್ಲ. ಆ ಮಾತು ಎರಡು ದಿನ ನನ್ನನ್ನು ಊಟ ಮಾಡಲು ಬಿಡಲಿಲ್ಲ.

ಸೋಮವಾರ ಮಧ್ಯಾಹ್ನ ಪುಸ್ತಕ ಹಿಡಿದುಕೊಂಡು ವಠಾರಕ್ಕೆ ಹೋದೆ. ಬೈದರೆ ಬೈಸಿಕೊಳ್ಳುವುದು, ಮುಖದ ಮೇಲೆ ಬಾಗಿಲು ಹಾಕಿದರೆ ಹೊಸ್ತಿಲಲ್ಲಿ ಪುಸ್ತಕ ಇಟ್ಟು ಬರುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಅಂಗಳದಲ್ಲಿ ಸೀಬೆ ಮರ ಇತ್ತು. ಅವಳು ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ.

“ಬರ್ರಿ ಅಣ್ಣಾರ. ಎಡಿ ಇಟ್ಟೇನಿ.”

ಒಳಗೆ ಗೋಡೆಗೆ ಮಗಳ ಫೋಟೋ, ಕಾಲೇಜಿನ ಗುರುತಿನ ಚೀಟಿಯದ್ದನ್ನೇ ದೊಡ್ಡದು ಮಾಡಿಸಿದ್ದು. ಮುಂದೆ ಬಾಳೆಲೆ. ಅನ್ನ, ಸಾರು, ರೊಟ್ಟಿ, ಒಂದು ಬಟ್ಟಲಲ್ಲಿ ಸೀಬೆಕಾಯಿ ಎಣ್ಣೆಗಾಯಿ. ಊದುಬತ್ತಿ ಹಚ್ಚಿ ಇಬ್ಬರೂ ಕೈಮುಗಿದೆವು. ಆಮೇಲೆ ಪದ್ಧತಿಯಂತೆ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದೆವು. ಹೋದವರು ಬಂದು ಉಣ್ಣುವಾಗ ಇದ್ದವರು ನೋಡಬಾರದು. ಹೊರಗೆ ಬರುವಾಗ ಅವಳು ಹಲಗೆಯ ಮೇಲಿನ ಪುಸ್ತಕಗಳನ್ನೆಲ್ಲ ಒಂದು ಅಕ್ಕಿ ಚೀಲಕ್ಕೆ ತುಂಬಿಕೊಂಡು ಬಂದಳು.

ಮೆಟ್ಟಿಲ ಮೇಲೆ ಕೂತೆವು. ಆಗ ನಾನು ಎಲ್ಲ ಹೇಳಿದೆ. ಶೈಲಾ ಅಂಗಡಿಗೆ ಬಂದದ್ದು, ನಾನು ಬೈದದ್ದು, ಅವಳು ಹೇಳಿದ ಮಾತು. “ಅವ್ವ ತಂದಿದ್ದು ಯಾವತ್ತೂ ಸುಳ್ಳಾಗಬಾರ್ದು ಅಂದ್ಲು ಹೊಳೆವ್ವ. ಹಂಗೇ ಅಂದ್ಲು. ನಾನ್ ಮಾತು ಉಳಿಸ್ಕೊಳ್ಲಿಲ್ಲ, ತಪ್ಪಾಯ್ತು” ಎಂದೆ. ಅವಳು ಮೊಣಕಾಲ ಮೇಲೆ ಗಲ್ಲ ಇಟ್ಟುಕೊಂಡು ಕೇಳಿದಳು. ಕಣ್ಣೀರು ತನ್ನ ಪಾಡಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಚೀಲವನ್ನು ನನ್ನ ಕಡೆ ತಳ್ಳಿದಳು.

“ಕನ್ನಡದ್ದ ಬ್ಯಾರೆ ಮಾಡ್ರಿ.”

ಒಂದೊಂದೇ ತೆಗೆದು ಎರಡು ಕಡೆ ಇಟ್ಟೆ. ನಾನು ತಂದದ್ದೂ ಸೇರಿ ಹನ್ನೊಂದು. ಕನ್ನಡದ್ದು ನಾಲ್ಕು. ತಮಿಳು, ತೆಲುಗು, ಮಲಯಾಳ ಸೇರಿ ಏಳು. ಆ ಏಳನ್ನು ನನ್ನ ತಲೆಗೆ ಕಟ್ಟಿ ಕಳಿಸುತ್ತಾಳೆ, ಕಳಿಸಬೇಕಾದ್ದೇ, ಎಂದು ಅವನ್ನು ಚೀಲಕ್ಕೆ ಹಾಕಲು ಹೋದೆ. ಅವಳು ನನ್ನ ಕೈ ಹಿಡಿದಳು.

“ಅವಲ್ರಿ. ಈ ನಾಕ ಒಯ್ರಿ.”

“ಇದು ಕನ್ನಡದ್ದಮ್ಮ. ಇದಾದ್ರೆ ಯಾರಾದ್ರೂ ಓದಿ ಹೇಳ್ತಾರೆ ನಿಂಗೆ.”

“ಅದಕ್ಕ ಒಯ್ರಿ ಅಂದೆ. ಇವನ್ನ ಯಾರ ಬೇಕಾದ್ರೂ ಓದತಾರ. ಈ ಏಳ ನನ್ನ ಮಗಳ ಬಿಟ್ಟ ಯಾರಿಗೂ ಓದಾಕ ಬರೂದಿಲ್ಲ.”

ಅವಳು ಏಳು ಪುಸ್ತಕವನ್ನೂ ಮಡಿಲಿಗೆ ಎಳೆದುಕೊಂಡು, ಒಂದೊಂದರಲ್ಲೂ ಕಲೆಯ ಪುಟ ತೆರೆದು ಬೆರಳಿಟ್ಟು ಹೇಳುತ್ತಾ ಹೋದಳು. ಇದರಾಗ ಹುರಳಿ ಪಲ್ಲೆ ಐತ್ರಿ. ಇದರಾಗ ಕುಂಬಳದ ಸಿಪ್ಪಿ ಚಟ್ನಿ. ಇದ ಓದೂ ಮುಂದ ಆಕೀಗೆ ನಗಿ ಬಂದಿತ್ತ, ಯಾಕ ನಗತಿ ಅಂತ ಬೈದಿದ್ನಿ. ಇರುವೆ ಸಾಲಿನಂತೆ ಕಾಣುವ ಆ ಅಕ್ಷರಗಳ ಮೇಲೆ ಅವಳ ಬೆರಳು ಎಲ್ಲೂ ತಡವರಿಸಲಿಲ್ಲ.

ಸಾಕಷ್ಟು ಹೊತ್ತಾಯಿತೆಂದು ಎದ್ದು, ಒಳಗೆ ಯಾರೋ ಇದ್ದಾರೆ ಎನ್ನುವಂತೆ ಎರಡು ಸಲ ಬಾಗಿಲು ತಟ್ಟಿ ತೆರೆದಳು. ಎಲೆ ಹೇಗಿಟ್ಟಿದ್ದಳೋ ಹಾಗೇ ಇತ್ತು. ಪುಸ್ತಕಗಳನ್ನು ಹಲಗೆಗೆ ಏರಿಸಿ ಜೋಡಿಸಿದಳು. ಆಮೇಲೆ ಬಟ್ಟಲಿನಿಂದ ಒಂದು ಕಾಯಿ ತೆಗೆದು ಎರಡು ಮಾಡಿ ಅರ್ಧ ನನಗೆ ಕೊಟ್ಟಳು, ಅರ್ಧ ತಾನು ಬಾಯಿಗಿಟ್ಟಳು.

ಚೆನ್ನಾಗಿತ್ತು. ಖಾರ, ಹುಳಿ, ಬೆಲ್ಲ, ಗುರೆಳ್ಳಿನ ಕಮ್ಮನೆ ವಾಸನೆ, ಎಲ್ಲ ಹದವಾಗಿತ್ತು. ಅವಳ ಕೈ ಸತ್ತಿರಲಿಲ್ಲ. ಆದರೂ ನುಂಗಿದ ಮೇಲೆ ನಾಲಿಗೆಯ ಮೇಲೆ ಏನೋ ಒಂದು ಬರಬೇಕಾಗಿತ್ತು, ಬರಲಿಲ್ಲ.

“ಕೊನೇಲಿ ಏನ್ ಹಾಕ್ದೆ ಹೊಳೆವ್ವ?”

“ಏನೂ ಹಾಕಿಲ್ರಿ. ಹಂಗ ಬಿಟ್ಟೇನಿ” ಎಂದಳು. ಮಗಳ ಫೋಟೋ ಕಡೆ ನೋಡುತ್ತಾ, ಅದಕ್ಕೇ ಹೇಳುವ ಹಾಗೆ ಹೇಳಿದಳು. “‘ಪುಸ್ತಕದಾಗ ಇದ್ದಂಗ ಹಾಕಿಲ್ಲಬೇ ಯವ್ವಾ’ ಅಂತ ಆಕೀನ ಬಂದ ಬೈಲಿ.”